12 ಗ್ರಾಂ ಒಲೆ, ಒಂದು ಹುಬ್ಬು

"ನಿನ್ನ ಎಡಗಡೆ ಹುಬ್ಬು ಎಲ್ಲೋ?" ಕಾಂಪೌಂಡ್ ಗೋಡೆಯಾಚೆಯಿಂದ ಪಕ್ಕದ ಮನೆ ಅಜ್ಜಿ ಕೇಳಿದರು. ಕೈಯಲ್ಲಿ ಒಣಹಾಕಬೇಕಿದ್ದ ಟವೆಲ್ಲು.

"ಒಲೆ ಮಾಡ್ತಿದ್ದೆ ಅಜ್ಜಿ, ಟ್ರೆಕ್ಕಿಂಗಿಗೆ."

ತೋರಿಸಿದೆ. ತಂಪು ಪಾನೀಯದ ಎರಡು ಕ್ಯಾನುಗಳ ತಳ ಕತ್ತರಿಸಿ, ಒಂದರೊಳಗೊಂದು ಬೋರಲು ತೂರಿಸಿ, ನಡುವೆ ತಗಡಿನ ಪಟ್ಟಿ ಸುತ್ತಿಟ್ಟು, ಅಂಚಿಗೆ ಗುಂಡುಪಿನ್ನಿನಿಂದ ತೂತು ಹೊಡೆದದ್ದು. ಅಡುಗೆಮನೆಯ ತಕ್ಕಡಿಯಲ್ಲಿ ಬರೀ 12 ಗ್ರಾಂ. ಸ್ಪಿರಿಟ್ ಹೊಯ್ದು ಕಡ್ಡಿ ಗೀರಿದರೆ ಮೊದಲು ನಡುವೆ ಮಾತ್ರ ಉರಿ. ತಗಡು ಕಾದು ಒಳಗಿನ ಸ್ಪಿರಿಟ್ ಕುದಿಯತೊಡಗಿದ ಮೇಲೆ (78 ಡಿಗ್ರಿ ಸಾಕು) ಆವಿ ಅಂಚಿನ ತೂತುಗಳಿಂದ ನುಗ್ಗಿ ಉರಿ ಹೂವಿನಂತೆ ಅರಳುತ್ತದೆ.

"ಅಯ್ಯೋ, ನಮ್ಮ ಪಂಪ್ ಸ್ಟವ್ವೇ ಕಣೋ! ಬಟ್ಟಲಲ್ಲಿ ಸ್ಪಿರಿಟ್ ಉರಿಸಿ ಬರ್ನರ್ ಕಾಯಿಸ್ತಿದ್ವಲ್ಲ."

ಅಜ್ಜಿ ಹೇಳಿದ್ದು ಸರಿಯೇ. ಸೀಮೆಎಣ್ಣೆ ಕಾದು ಆವಿಯಾಗಬೇಕು, ಆಮೇಲೆ ಉರಿ. ಆ ಪ್ರೈಮಸ್ ಸ್ಟವ್ವಿನ ತವರು ಸ್ವೀಡನ್, 1892. ಟ್ರಾಂಜಿಯಾ ಎಂಬ ಹಿತ್ತಾಳೆಯ ಸ್ಪಿರಿಟ್ ಒಲೆಯೂ ಅಲ್ಲಿಯದೇ. ನನ್ನ ಕ್ಯಾನು ಅದರ ಬಡ ನೆಂಟ.

"ಹುಬ್ಬು?"

"ಬಿಸಿಲಲ್ಲಿ ಸ್ಪಿರಿಟ್ ಉರಿ ಕಾಣಲ್ಲ ಅಜ್ಜಿ. ಆರಿದೆ ಅಂತ ಇನ್ನಷ್ಟು ಹೊಯ್ದೆ."

ಅಜ್ಜಿ ಹಣೆ ಚಚ್ಚಿಕೊಂಡರು. ಬಡಗಿಗಳು ಪಾಲಿಷಿಗೆ ಬಳಸುವ ಸ್ಪಿರಿಟ್ಟಿನಲ್ಲಿ ಮೆಥನಾಲ್ ಇರಬಹುದು, ಹೊಟ್ಟೆಗೆ ಹೋದರೆ ಕಣ್ಣೇ ಹೋದೀತು ಎಂಬುದನ್ನು ನಾನು ಹೇಳಲಿಲ್ಲ. ಬೈಗುಳಕ್ಕೂ ಒಂದು ಮಿತಿ ಬೇಡವೇ.

ನಿಜ ಹೇಳಬೇಕೆಂದರೆ ಒಲೆ ಸುಲಭ. ನನ್ನನ್ನು ಸತಾಯಿಸಿದ್ದು ಪಾತ್ರೆ ಕೂರಿಸುವ ಸ್ಟ್ಯಾಂಡು. ಸೈಕಲ್ ಕಡ್ಡಿ ಬಗ್ಗಿಸಿ ನಾಲ್ಕು ಕಾಲು ಮಾಡಿದ್ದೆ. ನೆಲ ಕೊಂಚ ಏರುಪೇರಾದರೂ ಕುಂಟುತ್ತಿತ್ತು. ಮೊದಲನೆಯದು ತೀರಾ ಗಿಡ್ಡ ಬೇರೆ: ಪಾತ್ರೆ ಒಲೆಯ ಮೂಗಿಗೇ ಒತ್ತಿ, ಗಾಳಿ ಸಾಲದೆ ಉರಿ ಸೊರಗಿತು. ಒಂದಂಗುಲ ಎತ್ತರಿಸಿ, ಸುತ್ತ ತಗಡಿನ ಮರೆ ಕಟ್ಟಿದ ಮೇಲೆ 30 ಮಿ.ಲೀ. ಸ್ಪಿರಿಟ್ಟಿಗೆ ಅರ್ಧ ಲೀಟರ್ ನೀರು ಕುದಿಯಿತು.

"ಹೊಲದಲ್ಲಿ ಒಲೆ ಹೂಡೋಕೆ ಎಷ್ಟು ಕಲ್ಲು ಇಡ್ತಾರೆ ಹೇಳು?"

"ಮೂರು."

"ಮತ್ತೆ? ಆ ನಾಲ್ಕನೇ ಕಾಲು ಯಾಕೆ?"

ಇಕ್ಕಳ ತಂದು ಅಲ್ಲೇ ಕತ್ತರಿಸಿ, ಮೂರು ಕಾಲಿಗೆ ಬಗ್ಗಿಸಿ ಗೋಡೆಯ ಮೇಲಿಟ್ಟೆ. ಅಲುಗಲಿಲ್ಲ.

"ಹಾಲು ಉಕ್ಕಿತು ಅನ್ನು. ಹೇಗೆ ಆರಿಸ್ತೀಯ? ತಿರುಗಿಸೋಕೆ ಕಿವಿಯೇ ಇಲ್ಲವಲ್ಲ."

"ಏನಾದರೂ ಬೋರಲು ಹಾಕಿ..."

"ಎಲ್ಲಿದೆ ಆ ಏನಾದರೂ?"

ಅಜ್ಜಿ ಒಳಗೆ ಹೋಗಿ ಹಳೇ ಸ್ಟೀಲ್ ಚಟ್ನಿ ಬಟ್ಟಲು ತಂದುಕೊಟ್ಟರು. ಒಲೆಗೆ ಸರಿಯಾಗಿ ಕೂತಿತು. ಅವರು ಟವೆಲ್ ಒಣಹಾಕಲು ತಿರುಗಿದ ಮೇಲೆ ತೂಗಿ ನೋಡಿದೆ: 84 ಗ್ರಾಂ.