ಕ್ವಿಲ್ಟಿನ ಉಬ್ಬಿನೊಂದಿಗೆ ಸಂದರ್ಶನ

ಕ್ವಿಲ್ಟಿಗೆ ಮೂರು ಪದರ: ಮೇಲೆ ತುಂಡು ಜೋಡಿಸಿದ ಬಟ್ಟೆ, ನಡುವೆ ಹತ್ತಿ, ಉಣ್ಣೆ ಇಲ್ಲವೇ ಪಾಲಿಯೆಸ್ಟರಿನ ಬ್ಯಾಟಿಂಗ್, ಕೆಳಗೆ ಅಸ್ತರು. ಮೂರನ್ನೂ ಸೇರಿಸಿ ಮೆಷಿನ್ನಿನಲ್ಲಿ ಹೊಲಿಯುವಾಗ ಮೇಲಿನ ಬಟ್ಟೆ ಅಲ್ಲಲ್ಲಿ ಸಡಿಲವಾಗಿ ಎದ್ದು ನಿಲ್ಲುವುದಕ್ಕೆ ಉಬ್ಬು ಎನ್ನಬಹುದು. ಅದರ ಮೇಲೆ ದೂರುಗಳು ಬೇಕಾದಷ್ಟಿವೆ. ಹೇಳಿಕೆಯನ್ನು ಮಾತ್ರ ಯಾರೂ ಪಡೆದಿಲ್ಲ. ಆ ಕೆಲಸ ಇಲ್ಲಿ ನಡೆದಿದೆ. ತನ್ನ ಬಗ್ಗೆ ಹೇಳಿಕೊಳ್ಳುವಾಗಲೂ ಉಬ್ಬು ಇಲಾಖಾ ಪ್ರಕಟಣೆಯ ಧಾಟಿಯನ್ನು ಬಿಟ್ಟುಕೊಡಲಿಲ್ಲ.

ಪ್ರಶ್ನೆ: ಉಬ್ಬು ಹುಟ್ಟುವುದು ಯಾವಾಗ?

ಉಬ್ಬು: ಕ್ವಿಲ್ಟಿಂಗ್ ದಿನವೇ ಹುಟ್ಟುತ್ತದೆ ಎಂಬುದು ಆಧಾರರಹಿತ ಆರೋಪ. ತುಂಡು ಜೋಡಿಸುವಾಗಲೇ ಅದರ ನೋಂದಣಿ ಆಗಿರುತ್ತದೆ. ಹೊಲಿಗೆಯ ಅಂಚಿಗೆ ಕಾಲು ಇಂಚು ಬಿಡುವುದು ರೂಢಿ. ಅದು 1/16 ಇಂಚು ಕಡಿಮೆಯಾಯಿತೆನ್ನಿ. ಪ್ರತಿ ಹೊಲಿಗೆಯಲ್ಲೂ ಎರಡು ಬದಿ ಸೇರಿ 1/8 ಇಂಚು ಬಟ್ಟೆ ಉಳಿಯುತ್ತದೆ. ಎಂಟು ಹೊಲಿಗೆ ದಾಟುವಷ್ಟರಲ್ಲಿ ಒಂದು ಇಂಚು. ಪಕ್ಕದ ಸಾಲಿನಲ್ಲಿ ಹೊಲಿಗೆ ಎರಡೇ ಇದ್ದರೆ ಅದು ಅಷ್ಟು ಬೆಳೆದಿರುವುದಿಲ್ಲ. ಉದ್ದದ್ದನ್ನೂ ಗಿಡ್ಡದ್ದನ್ನೂ ಹೇಗೋ ಎಳೆದು ಕೂಡಿಸಿದವರು ಕಡತ ಮುಚ್ಚಿದೆವೆಂದುಕೊಳ್ಳುತ್ತಾರೆ. ಕ್ರಾಸ್ ಕತ್ತರಿಸಿದ ತುಂಡುಗಳದ್ದು ಬೇರೆಯೇ ಕಥೆ, ಅವು ಮುಟ್ಟಿದರೆ ಸಾಕು ಹಿಗ್ಗುತ್ತವೆ.

ಪ್ರಶ್ನೆ: ಬಾರ್ಡರಿನಲ್ಲೇ ಹೆಚ್ಚು ವಾಸವೇಕೆ?

ಉಬ್ಬು: ಆಹ್ವಾನ ಅಲ್ಲಿಂದಲೇ ಬರುತ್ತದೆ. ಉದ್ದನೆಯ ಪಟ್ಟಿಯನ್ನು ಅಳೆಯದೆ ಅಂಚಿಗಿಟ್ಟು ಹೊಲಿಯುತ್ತ ಹೋಗಿ, ತುದಿಯಲ್ಲಿ ಉಳಿದದ್ದನ್ನು ಕತ್ತರಿಸಿಬಿಡುತ್ತಾರೆ. ಕ್ವಿಲ್ಟಿನ ನಡುಭಾಗ 60 ಇಂಚು ಇದ್ದು, ಕೈಯಾಡಿ ಹಿಗ್ಗಿದ ಅಂಚು 61 ಆಗಿದ್ದರೆ ಆ ಒಂದು ಇಂಚು ಅಲೆಯಾಗಿ ಏಳದೆ ಇನ್ನೇನು ಮಾಡೀತು? ಕೆಲವರು ಟೇಪನ್ನು ನಡುವಿಗೂ ಎರಡು ಬದಿಗೂ ಇಟ್ಟು, ಸರಾಸರಿ ತೆಗೆದು, ಎರಡು ಪಟ್ಟಿಗಳನ್ನೂ ಆ ಅಳತೆಗೇ ಕತ್ತರಿಸಿ, ತುದಿಗಳಿಗೂ ಮಧ್ಯಕ್ಕೂ ಮೊದಲೇ ಪಿನ್ ಚುಚ್ಚುತ್ತಾರೆ. ಹಿಗ್ಗಿದ ಬದಿಯನ್ನು ಮೆಷಿನ್ನಿನ ಹಲ್ಲಿನ ಕಡೆ ಕೆಳಗಿಟ್ಟು, ಹೆಚ್ಚುವರಿ ತಾನಾಗಿ ಒಳಸರಿಯುವಂತೆ ಹೊಲಿಯುತ್ತಾರೆ. ಈ ಪದ್ಧತಿಯನ್ನು ಉಬ್ಬು ತೀವ್ರವಾಗಿ ಖಂಡಿಸುತ್ತದೆ.

ಪ್ರಶ್ನೆ: ಮೆಷಿನ್ನಿನದೇನೂ ತಪ್ಪಿಲ್ಲವೇ?

ಉಬ್ಬು: ಅದು ಎರಡನೇ ಆರೋಪಿ. ಕೆಳಗಿನ ಹಲ್ಲುಗಳು ಏಳುತ್ತವೆ, ಬಟ್ಟೆಯನ್ನು ಹಿಂದಕ್ಕೆ ಸರಿಸುತ್ತವೆ, ಇಳಿಯುತ್ತವೆ, ಮುಂದೆ ಬರುತ್ತವೆ. ಈ ನಾಲ್ಕು ಚಲನೆಯ ಏರ್ಪಾಡಿಗೆ ಅಮೆರಿಕದ ಅಲೆನ್ ವಿಲ್ಸನ್ 1854ರಲ್ಲಿ ಪೇಟೆಂಟ್ ಪಡೆದ. ಎರಡು ತೆಳು ಬಟ್ಟೆಗೆ ಇಷ್ಟೇ ಧಾರಾಳ. ಮೂರು ಪದರವಾದಾಗ ಹಲ್ಲು ಹಿಡಿಯುವುದು ಅಸ್ತರನ್ನು ಮಾತ್ರ. ಮೇಲಿನ ಬಟ್ಟೆಯನ್ನು ಪ್ರೆಸರ್ ಫೂಟ್ ಒತ್ತಿ ತಡೆಯುತ್ತದೆ. ತಡೆದದ್ದೆಲ್ಲ ಪಾದದ ಮುಂದೆ ಅಲೆಯಾಗಿ ಸೇರಿ, ಅಡ್ಡ ಹೊಲಿಗೆ ಸಿಕ್ಕ ಕೂಡಲೇ ನೆರಿಗೆಯಾಗಿ ಕೂರುತ್ತದೆ. ಅದರ ಬದಲು ಹಾಕುವ ವಾಕಿಂಗ್ ಫೂಟಿಗೆ ತನ್ನದೇ ಹಲ್ಲುಗಳಿರುವುದರಿಂದ ಮೇಲಿನ ಪದರವೂ ಜೊತೆಗೇ ಸರಿಯುತ್ತದೆ. ಪಾದದ ಒತ್ತಡವನ್ನು ಇಳಿಸುವ ತಿರುಪು ಎಷ್ಟೋ ಮೆಷಿನ್ನುಗಳಲ್ಲಿದೆ. ಅದರ ಮೇಲೆ ಧೂಳು ಕೂತಿರುವುದು ಸಮಾಧಾನದ ಸಂಗತಿ.

ಪ್ರಶ್ನೆ: ಹೊಲಿಯುವ ಮೊದಲು ಪದರಗಳನ್ನು ಹಿಡಿದಿಡುವ ಸೇಫ್ಟಿ ಪಿನ್ನು?

ಉಬ್ಬು: ಅಂಗೈ ಅಗಲಕ್ಕೊಂದು ಇದ್ದರೆ ಕಷ್ಟ. ಸಡಿಲ ಇರುವಲ್ಲಿ ಇನ್ನೂ ಒತ್ತಾಗಿದ್ದರೆ ಬಹಳ ಕಷ್ಟ.

ಪ್ರಶ್ನೆ: ಆಗಲೇ ಎದ್ದ ಉಬ್ಬನ್ನು ಅಳಿಸುವುದು ಹೇಗೆ?

ಉಬ್ಬು: ಅಳಿಸಲಾಗದು. ಹೆಚ್ಚುವರಿ ಶಿಕ್ಷಕರ ವಿಷಯದಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ: ಹುದ್ದೆ ಹೋಗುವುದಿಲ್ಲ, ವರ್ಗಾವಣೆ ಆಗುತ್ತದೆ. ಮೊದಲು ಆ ಚೌಕದ ಸುತ್ತ ಜೋಡಣೆಯ ಗೆರೆಯ ಮೇಲೆಯೇ ಹೊಲಿದು ಉಬ್ಬನ್ನು ಅದರ ಸರಹದ್ದಿನೊಳಗೆ ಹಿಡಿದಿಡುತ್ತಾರೆ. ಹತ್ತಿ ಬಟ್ಟೆಯಾದರೆ ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡದೆ ಇಟ್ಟು ಎತ್ತಿ, ಹಬೆಗೆ ಒಂದಿಷ್ಟು ಕುಗ್ಗಿಸುತ್ತಾರೆ. ಒಳಗೆ ಪಾಲಿಯೆಸ್ಟರ್ ಇದ್ದರೆ ಬಿಸಿ ಜೋರಾಗಬಾರದು, ಅದು ಚಪ್ಪಟೆಯಾಗಿ ಅಂಟಿಕೊಂಡೀತು. ಆಮೇಲೆ ಬೆರಳಲ್ಲಿ ಬಟ್ಟೆಯನ್ನು ಸೂಜಿಯ ಕಡೆ ಚೂರುಚೂರೇ ನೂಕುತ್ತ ಒತ್ತೊತ್ತಾಗಿ ಸುತ್ತುಹೊಲಿಗೆ ಹಾಕುತ್ತಾರೆ. ಅಕ್ಕಪಕ್ಕದಲ್ಲೂ ಹೊಲಿಗೆ ಹೆಚ್ಚುಕಡಿಮೆ ಅಷ್ಟೇ ಒತ್ತಾಗಿರಬೇಕು, ಇಲ್ಲವಾದರೆ ಉಬ್ಬು ಮನೆ ಬದಲಿಸುತ್ತದೆ. ಅಷ್ಟಕ್ಕೂ ಮಣಿಯದಿದ್ದರೆ ಸಣ್ಣ ಮಡಿಕೆ ಹಿಡಿದು ಹೊಲಿದು, ಮೇಲೊಂದು ಬಟ್ಟೆಯ ಎಲೆ ಅಂಟಿಸಿ ವಿನ್ಯಾಸವೇ ಹಾಗೆ ಎಂದು ಸಾಧಿಸುತ್ತಾರೆ. ಉಬ್ಬಿಗೆ ಇದು ಅತ್ಯಂತ ಗೌರವದ ನಿವೃತ್ತಿ. ಇನ್ನೂ ಕ್ವಿಲ್ಟಿಂಗ್ ಶುರುವಾಗಿರದಿದ್ದರೆ ಉಣ್ಣೆಯಂಥ ಉಬ್ಬುವ ಬ್ಯಾಟಿಂಗ್ ಆರಿಸಬಹುದು. ಸಡಿಲವನ್ನು ಅದು ಒಳಗಿನಿಂದಲೇ ತುಂಬುತ್ತದೆ.

ಪ್ರಶ್ನೆ: ಕರ್ನಾಟಕದ ಕೌದಿಗಳಲ್ಲಿ ಉಬ್ಬಿನ ಸುದ್ದಿಯೇ ಇಲ್ಲವಲ್ಲ?

ಉಬ್ಬು: ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳ ಅಂಚು ಮಡಚಿ, ಕೈಯಿಂದಲೇ ಅಡಿಬಟ್ಟೆಗೆ ಹೊಲಿದು, ಅಂಚಿನಿಂದ ಸುತ್ತುತ್ತ ನಡುವಿಗೆ ಬರುತ್ತಾರೆ. ಹೆಚ್ಚಾದ ಬಟ್ಟೆ ಆಯಾ ತುಂಡಿನ ಮಡಿಕೆಯೊಳಗೇ ಇತ್ಯರ್ಥವಾಗುತ್ತದೆ. ಮೆಷಿನ್ನಿನವರು ಎಲ್ಲ ತುಂಡನ್ನೂ ಮೊದಲೇ ಜೋಡಿಸಿರುವುದರಿಂದ ಅವರಿಗೆ ನಡುವಿನಿಂದ ಹೊರಟು ಸಡಿಲವನ್ನು ಅಂಚಿಗೆ ಅಟ್ಟುವುದೇ ದಾರಿ. ಉತ್ತರ ಕನ್ನಡದಲ್ಲಿ ಶಾಖೆ ತೆರೆಯುವ ಪ್ರಸ್ತಾವ ಸದ್ಯಕ್ಕಿಲ್ಲ.

ಪ್ರಶ್ನೆ: ತೊಳೆದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರಲ್ಲ?

ಉಬ್ಬು: ಅರ್ಧ ನಿಜ. ಹತ್ತಿಯ ಬ್ಯಾಟಿಂಗ್ ಮೊದಲ ಒಗೆತಕ್ಕೆ ಕುಗ್ಗಿ ಇಡೀ ಕ್ವಿಲ್ಟ್ ಸುಕ್ಕಾಗುತ್ತದೆ, ಆ ಸುಕ್ಕಿನಲ್ಲಿ ಸಣ್ಣಪುಟ್ಟ ಉಬ್ಬುಗಳು ತಲೆಮರೆಸಿಕೊಳ್ಳುತ್ತವೆ. ಹೊಲಿಗೆಯಡಿ ಸಿಕ್ಕಿಬಿದ್ದ ನೆರಿಗೆ ಮಾತ್ರ ನೀರಿಗೆ ಬಗ್ಗುವುದಿಲ್ಲ; ಅದಕ್ಕೆ ಸೀಮ್ ರಿಪ್ಪರ್ ತಂದು ಬಿಚ್ಚಿಯೇ ಹೊಲಿಯಬೇಕು.

ಸೀಮ್ ರಿಪ್ಪರಿನ ಹೆಸರನ್ನು ತಾನೇ ಎತ್ತಿದ್ದು ಅರಿವಾದೊಡನೆ, ಮುಂದಿನ ಪ್ರಶ್ನೆಗಳನ್ನು ಲಿಖಿತವಾಗಿ ಸಲ್ಲಿಸುವಂತೆ ಉಬ್ಬು ಸೂಚಿಸಿತು.