ಶ್ರೀಮಾನ್ ಕಡಿತರಾಯರಿಗೊಂದು ಅಭಿನಂದನೆ

ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ಕೆಳಗೆ ಕೂತಿರುವ ಇನ್ನಷ್ಟು ಗಣ್ಯರೇ, ತಿಂಗಳ ಕೊನೆಯ ವಾರವಾದ್ದರಿಂದ ಬಸ್ಸು ಬಿಟ್ಟು ನಡೆದೇ ಬಂದಿರುವ ಶಿಕ್ಷಕ ಬಂಧುಗಳೇ,

ಇಂದಿನ ಸನ್ಮಾನಿತರ ಪರಿಚಯ ಯಾರಿಗೂ ಬೇಕಿಲ್ಲ. ಸಂಬಳದ ಚೀಟಿಯ ಬಲಗಡೆಯ ಕಾಲಮ್ಮಿನಲ್ಲಿ ಅವರ ಕಾಯಂ ವಾಸ. ಎಡಗಡೆ ಮೂಲ ವೇತನ, ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಎಂದು ಬಳಗವೆಲ್ಲ ಸಾಲಾಗಿ ಬಂದು ಕೂರುವ ತನಕ ಅವರು ಬಾಯಿ ಬಿಡುವುದಿಲ್ಲ. ಕೂಡಿ ಮುಗಿದ ಮೇಲೆ ಮೆಲ್ಲಗೆ ಏಳುತ್ತಾರೆ. ಸಂಬಳ ಕೈಗೆ ಸಿಗುವ ಮೊದಲೇ ಸಂಬಳದ ಯೋಗಕ್ಷೇಮ ವಿಚಾರಿಸುವ ಇಂಥ ಆಪ್ತರು ಇನ್ನೊಬ್ಬರಿಲ್ಲ.

ಈ ಸಮಾರಂಭವನ್ನು ಸನವಳ್ಳಿ ಜಲಾಶಯದ ಏರಿಯ ಮೇಲೆ ಏಕೆ ಇಟ್ಟರು ಎಂದು ಮುಂಡಗೋಡದ ಕೆಲವರು ಗೊಣಗಿದ್ದುಂಟು. ಅವರ ಮನೆಯ ನಲ್ಲಿಗೆ ಬರುವುದು ಇದೇ ನೀರು. ನೀರಿನ ಹಣೆಬರಹ ಹೊಲದಲ್ಲಿ ತೀರ್ಮಾನವಾಗುವುದಿಲ್ಲ, ತೂಬಿನಲ್ಲೇ ಆಗುತ್ತದೆ. ರಾಯರ ವೃತ್ತಿಯೂ ಅದೇ. ಅದರ ಸರ್ಕಾರಿ ಹೆಸರೇ ಮೂಲದಲ್ಲಿ ತೆರಿಗೆ ಕಡಿತ, ಪ್ರೀತಿಯ ಹೆಸರು ಟಿಡಿಎಸ್.

ಇನ್ನೊಂದು ಕಾರಣವೂ ಇದೆ, ರಾಯರ ಕೈ ಸ್ವದೇಶಿ ಶಿಕ್ಷಕರ ಸಂಬಳಕ್ಕಷ್ಟೇ ಅಲ್ಲ, ವಿದೇಶಿ ಶಿಕ್ಷಕರ ಸಂಬಳಕ್ಕೂ ಚಾಚುತ್ತದೆ. ವಿದೇಶಿ ಶಿಕ್ಷಕರನ್ನು ನೋಡಲು ಈ ತಾಲ್ಲೂಕಿನವರು ಬೆಂಗಳೂರಿಗೆ ಹೋಗಬೇಕಿಲ್ಲ. 1966ರಲ್ಲಿ ಇಲ್ಲಿ ಟಿಬೆಟನ್ ಕ್ಯಾಂಪ್ ಶುರುವಾಯಿತು. ಡ್ರೆಪುಂಗ್, ಗಾಂದೆನ್ ಮಠಗಳು ಇಲ್ಲಿ ಮರುಹುಟ್ಟು ಪಡೆದವು. 1998ರಲ್ಲಿ ಅಮೆರಿಕದ ಎಮೋರಿ ವಿಶ್ವವಿದ್ಯಾಲಯಕ್ಕೂ ಡ್ರೆಪುಂಗ್ ಲೋಸೆಲಿಂಗ್ ಮಠಕ್ಕೂ ನಂಟು ಬೆಳೆಯಿತು. ಅದರ ಫಲವಾಗಿ ಅಲ್ಲಿಯ ಪ್ರಾಧ್ಯಾಪಕರು ಇಲ್ಲಿಗೆ ಬಂದು, ತರ್ಕದಲ್ಲಿ ಚಪ್ಪಾಳೆ ತಟ್ಟಿ ವಾದಿಸುವ ಭಿಕ್ಷುಗಳಿಗೆ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಹೇಳಿಕೊಟ್ಟರು. ಆ ಪ್ರಾಧ್ಯಾಪಕರಿಗೆ ಕ್ಯಾಂಪಿನೊಳಗೆ ತಂಗಲು ಗೃಹ ಸಚಿವಾಲಯದ ವಿಶೇಷ ಪರವಾನಗಿ ಬೇಕು. ರಾಯರ ಪರವಾನಗಿ ಮಾತ್ರ ಬೇಡ. ಸಂಬಳ ಕೊಡುವ ಎಮೋರಿ ಇರುವುದು ಅಟ್ಲಾಂಟಾದಲ್ಲಿ, ಇಲ್ಲಿಯ ವಾಸ ಕೆಲವೇ ವಾರ. ರಾಯರು ದೂರದಿಂದಲೇ ಕೈಮುಗಿದು ಸುಮ್ಮನಾಗುತ್ತಾರೆ.

ಇಲ್ಲಿ ರಾಯರ ಮೊದಲ ಕಣ್ಣನ್ನು ಹೊಗಳಬೇಕು. ಆದಾಯ ತೆರಿಗೆಯ ಈ ಕಣ್ಣಿಗೆ ಪಾಸ್‌ಪೋರ್ಟಿನ ಬಣ್ಣ ಕಾಣುವುದಿಲ್ಲ, ಕ್ಯಾಲೆಂಡರ್ ಮಾತ್ರ ಕಾಣುತ್ತದೆ. ವರ್ಷದಲ್ಲಿ 182 ದಿನ ಈ ನೆಲದಲ್ಲಿ ಕಳೆದವರು ತೆರಿಗೆಯ ಲೆಕ್ಕದಲ್ಲಿ ಇಲ್ಲಿಯ ನಿವಾಸಿ. ಕ್ಯಾಂಪಿನ ಶಾಲೆಯಲ್ಲಿ ಪಾಠ ಹೇಳುವ ಟಿಬೆಟನ್ ಶಿಕ್ಷಕಿ ವಿದೇಶಿಯರ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಿರಬಹುದು. ತೆರಿಗೆಯ ಹೊತ್ತಿಗೆ ಆಕೆಯೂ ಹಳಿಯಾಳದ ಹೈಸ್ಕೂಲು ಮಾಸ್ತರರೂ ಒಂದೇ ಪಂಕ್ತಿ. ವಿದೇಶಿ ಎನ್ನುವ ಪೊಲೀಸ್ ಠಾಣೆ, ಸ್ವದೇಶಿ ಎನ್ನುವ ತೆರಿಗೆ ಕಚೇರಿ, ಎರಡಕ್ಕೂ ಒಬ್ಬಳೇ ಟೀಚರಮ್ಮ.

ಆದರೆ ಈ ಟೀಚರಮ್ಮನ ಜನ ರಾಯರನ್ನು ನಾಚಿಸಿದ್ದೂ ಇದೆ. 1972ರಿಂದ ದೇಶಾಂತರದ ಟಿಬೆಟನ್ನರು ತಮ್ಮ ಆಡಳಿತಕ್ಕೆ ‘ಚಟ್ರೆಲ್’ ಎಂಬ ಸ್ವಯಂಪ್ರೇರಿತ ಕಾಣಿಕೆ ಕೊಡುತ್ತಿದ್ದಾರೆ. ಕೊಟ್ಟದ್ದಕ್ಕೆ ಹಸಿರು ಪುಸ್ತಕದಲ್ಲಿ ಗುರುತು. ತೂಬಿಲ್ಲದೆಯೂ ನೀರು ಹರಿಯುತ್ತದೆ ಎಂಬ ಸುದ್ದಿಯನ್ನು ರಾಯರ ಆರೋಗ್ಯದ ದೃಷ್ಟಿಯಿಂದ ಅವರಿಗೆ ಇನ್ನೂ ತಿಳಿಸಿಲ್ಲ.

ಇನ್ನು ಎರಡನೆಯ ಕಣ್ಣು, ಭವಿಷ್ಯ ನಿಧಿಯದು. ಇದಕ್ಕೆ ಕ್ಯಾಲೆಂಡರ್ ಕಾಣುವುದಿಲ್ಲ, ಪಾಸ್‌ಪೋರ್ಟ್ ಒಂದೇ ಕಾಣುತ್ತದೆ. 2008ರ ಅಕ್ಟೋಬರಿನಲ್ಲಿ ‘ಅಂತರರಾಷ್ಟ್ರೀಯ ಕಾರ್ಮಿಕ’ ಎಂಬ ಹೊಸ ಬಿರುದು ಹುಟ್ಟಿತು. ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂತ ಇಬ್ಬರನ್ನು ನೋಡಿ. ಇಬ್ಬರ ಮೂಲ ವೇತನವೂ ಒಂದು ಲಕ್ಷ, ತಿದ್ದುವ ಕೆಂಪು ಪೆನ್ನೂ ಒಂದೇ ಕಂಪನಿಯದು. ಭಾರತೀಯ ಶಿಕ್ಷಕರಿಗೆ 15,000 ರೂಪಾಯಿ ಮಿತಿಯ ಮೇಲೆ ಶೇ 12 ಹಿಡಿದರೆ ಸಾಕು, ತಿಂಗಳಿಗೆ 1,800. ವಿದೇಶಿ ಶಿಕ್ಷಕರಿಗೆ ಮಿತಿ ಎಂಬುದೇ ಇಲ್ಲ, ಪೂರಾ ಲಕ್ಷದ ಮೇಲೆ 12,000. ಸಂಸ್ಥೆಯೂ ಅಷ್ಟೇ ಸೇರಿಸಬೇಕು. ಕೊಟ್ಟ ಹಣ ವಾಪಸ್ ಯಾವಾಗ? ಅವರ ದೇಶದೊಂದಿಗೆ ಸಾಮಾಜಿಕ ಭದ್ರತೆಯ ಒಪ್ಪಂದವಿದ್ದರೆ ಕೆಲಸ ಬಿಟ್ಟು ಹೊರಡುವಾಗ. ಇಲ್ಲದಿದ್ದರೆ ಸಾಮಾನ್ಯವಾಗಿ 58 ತುಂಬಿದ ಮೇಲೆ. ಅಮೆರಿಕದೊಂದಿಗೆ ಆ ಒಪ್ಪಂದವಿಲ್ಲ. ಮೂವತ್ತರ ಹರೆಯದಲ್ಲಿ ಬಂದು ಎರಡು ವರ್ಷ ಗಣಿತ ಹೇಳಿ ಹೋದ ಅಮೆರಿಕನ್ನರು ಇನ್ನು ಇಪ್ಪತ್ತಾರು ವರ್ಷ ಕಾಯಬೇಕು. ಅಷ್ಟರಲ್ಲಿ ಅವರ ವಿದ್ಯಾರ್ಥಿಗಳೇ ಚಕ್ರಬಡ್ಡಿಯ ಲೆಕ್ಕ ಮರೆತಿರುತ್ತಾರೆ.

ವಿದೇಶಿ ಶಿಕ್ಷಕರ ಸಂಬಳ ದೊಡ್ಡದಿರುವುದೂ ಅವರ ತಪ್ಪಲ್ಲ. ಉದ್ಯೋಗ ವೀಸಾಕ್ಕೆ ಸರ್ಕಾರವೇ ವರ್ಷಕ್ಕೆ 16.25 ಲಕ್ಷದ ಕನಿಷ್ಠ ಸಂಬಳ ಗೊತ್ತುಮಾಡಿತು. ಆ ಷರತ್ತಿನಿಂದ ಪಾರಾದವರಲ್ಲಿ ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರಿದ್ದಾರೆ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರಿದ್ದಾರೆ. ಫ್ರೆಂಚ್ ಪಾಠವೂ ಪಾಸ್ತಾವೂ ಒಂದೇ ಒಲೆಯ ಮೇಲೆ. ಇಂಗ್ಲಿಷ್ ಮಾಸ್ತರರಿಗೆ ಅಡುಗೆಮನೆಗೂ ಪ್ರವೇಶವಿಲ್ಲ.

ಈ ಎರಡನೆಯ ಕಣ್ಣಿಗೆ ಧೂಳು ಬಿದ್ದದ್ದು ನಮ್ಮ ರಾಜ್ಯದಲ್ಲೇ, ಅದೂ ಒಂದು ಶಾಲೆಯ ದೆಸೆಯಿಂದ. ಬೆಂಗಳೂರಿನ ಸ್ಟೋನ್‌ಹಿಲ್ ಅಂತರರಾಷ್ಟ್ರೀಯ ಶಾಲೆಯನ್ನು ನಡೆಸುವ ಸ್ಟೋನ್ ಹಿಲ್ ಎಜುಕೇಶನ್ ಫೌಂಡೇಶನ್ 2012ರಲ್ಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ತೀರ್ಪು ಬಂದದ್ದು 2024ರ ಏಪ್ರಿಲ್ 25ರಂದು. ಅರ್ಜಿ ಹಾಕಿದ ವರ್ಷ ಒಂದನೇ ತರಗತಿಗೆ ಸೇರಿದ ಮಗು ಪಿಯುಸಿ ಮುಗಿಸುವಷ್ಟು ಕಾಲ! ಒಪ್ಪಂದವಿಲ್ಲದ ದೇಶಕ್ಕೆ ದುಡಿಯಲು ಹೋದ ಭಾರತೀಯರಿಗೆ 15,000ದ ಮಿತಿ, ಅಲ್ಲಿಂದ ಇಲ್ಲಿಗೆ ಬಂದವರಿಗೆ ಮಾತ್ರ ಮಿತಿಯಿಲ್ಲ ಎಂದರೆ ಅದು ಸಂವಿಧಾನದ 14ನೇ ವಿಧಿಯ ಸಮಾನತೆಗೆ ವಿರುದ್ಧ ಎಂದಿತು ನ್ಯಾಯಾಲಯ. ಈ ನಿಯಮವಿದ್ದ ಭವಿಷ್ಯ ನಿಧಿ ಯೋಜನೆಯ 83ನೇ ಪ್ಯಾರಾವನ್ನೇ ಹೊಡೆದುಹಾಕಿತು. ರಾಯರು ಕನ್ನಡಕ ಒರೆಸಿಕೊಂಡರು. 2025ರಲ್ಲಿ ದೆಹಲಿ ಹೈಕೋರ್ಟ್, ವಿಮಾನ ಕಂಪನಿಯೊಂದರ ಪ್ರಕರಣದಲ್ಲಿ, ಅದೇ ಪ್ಯಾರಾವನ್ನು ಎತ್ತಿಹಿಡಿಯಿತು. ಕನ್ನಡಕ ಮತ್ತೆ ಮೂಗಿನ ಮೇಲೆ.

ನಮ್ಮವರು ಹೊರಗೆ ಹೋದಾಗ ರಾಯರು ಜೊತೆಗೆ ಬರುವುದಿಲ್ಲ, ಅಲ್ಲಿ ಅವರ ಅಣ್ಣ ಕಾದಿರುತ್ತಾರೆ. ಎಚ್‌-1ಬಿ ವೀಸಾದಲ್ಲಿ ಅಮೆರಿಕದ ಶಾಲೆ ಸೇರಿದ ಕನ್ನಡದ ಶಿಕ್ಷಕಿಯ ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಎಂದು ಶೇ 7.65 ಹೋಗುತ್ತದೆ. ಆ ಪಿಂಚಣಿಗೆ ಸುಮಾರು ಹತ್ತು ವರ್ಷದ ದುಡಿಮೆ ಬೇಕು, ವೀಸಾದ ಆಯುಸ್ಸು ಸಾಮಾನ್ಯವಾಗಿ ಆರು ವರ್ಷ. ಎರಡೂ ನಿಯಮ ಬರೆದದ್ದು ಒಂದೇ ದೇಶ. ಪಾಠ ಹೇಳಲು, ಸಂಶೋಧನೆ ಮಾಡಲು ಎರಡು ವರ್ಷದ ಮಟ್ಟಿಗೆ ಹೋದವರಿಗೆ ಭಾರತ–ಅಮೆರಿಕ ತೆರಿಗೆ ಒಪ್ಪಂದದ 22ನೇ ವಿಧಿ ಆದಾಯ ತೆರಿಗೆಯ ವಿನಾಯಿತಿ ಕೊಡುತ್ತದೆ. ಆದರೆ ವಾಸ ಎರಡು ವರ್ಷ ಮೀರಿತೋ, ಮೊದಲ ದಿನದಿಂದ ಕೊಟ್ಟ ವಿನಾಯಿತಿಯೂ ಹಾರಿಹೋಗುತ್ತದೆ. ಮದುವೆಗೆ ಬಂದ ನೆಂಟರು ಒಂದು ದಿನ ಹೆಚ್ಚಿಗೆ ಉಳಿದರೆಂದು ಮೂರು ದಿನದ ಊಟದ ಬಿಲ್ಲು ಕೈಗಿಟ್ಟ ಹಾಗೆ.

ದುಬೈಗೆ ಹೋದ ಶಿಕ್ಷಕರ ವಿಷಯ ಈ ವೇದಿಕೆಯಲ್ಲಿ ಎತ್ತುವುದು ಬೇಡ. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ, ರಾಯರಿಗೆ ರಕ್ತದೊತ್ತಡವಿದೆ.

ಪಕ್ಷಪಾತವಿಲ್ಲದ ಒಂದೇ ಒಂದು ಸಾಲು ರಾಯರ ಚೀಟಿಯಲ್ಲಿದೆ, ವೃತ್ತಿ ತೆರಿಗೆ. ಸ್ವದೇಶಿಗೂ ವಿದೇಶಿಗೂ ತಿಂಗಳಿಗೆ 200. ವರ್ಷಕ್ಕೆ 2,500 ದಾಟಬಾರದೆಂದು ಸಂವಿಧಾನ ಹೇಳಿದೆ, 2,400ಕ್ಕೇ ನಿಂತರೆ ನೂರು ರೂಪಾಯಿ ವ್ಯರ್ಥ. ಹಾಗಾಗಿ 2025ರಲ್ಲಿ ಕಾಯ್ದೆ ತಿದ್ದಿ ಫೆಬ್ರುವರಿಗೆ ಮಾತ್ರ 300 ಮಾಡಿದರು. ವರ್ಷದ ಅತಿ ಚಿಕ್ಕ ತಿಂಗಳನ್ನೇ ಹುಡುಕಿ ನೂರು ಹೆಚ್ಚಿಗೆ ಹೊರಿಸಿದ ಈ ಕಲಾವಂತಿಕೆಗೆ ಒಂದು ಚಪ್ಪಾಳೆ ಇರಲಿ.

ಈಗ ಬಿನ್ನವತ್ತಳೆ. ಬೆಂಗಳೂರಿನ ತೀರ್ಪಿನಂತೆ ಒಂದು, ದೆಹಲಿಯ ತೀರ್ಪಿನಂತೆ ಇನ್ನೊಂದು, ಹೀಗೆ ಎರಡು ಅಚ್ಚಾಗಿವೆ. ಚೌಕಟ್ಟು ಒಂದೇ ಸಿಕ್ಕಿತು. ಯಾವುದನ್ನು ಮೇಲಿಡುವುದೆಂದು ಸ್ವಾಗತ ಸಮಿತಿಯವರು ಆಗಿನಿಂದ ವೇದಿಕೆಯ ಹಿಂದೆ ಜಗಳಾಡುತ್ತಿದ್ದಾರೆ. ಅದು ಮುಗಿಯುವ ತನಕ ಸಭಿಕರು ಚಹಾ ತೆಗೆದುಕೊಳ್ಳಬಹುದು. ರಾಯರ ಲೋಟ ಮಾತ್ರ ಪೂರಾ ತುಂಬಿಸಿ ಕೊಡಿ, ಅವರಿಗೆ ಅರ್ಧ ಲೋಟ ಕುಡಿದು ರೂಢಿಯಿಲ್ಲ.