ಸೈಕಲ್ ದುಡ್ಡಿನ ಕಾರುಬಾರು

ಬೆಂಗಳೂರಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಸುತ್ತುತ್ತಿರುವವರಿಗೆ ಒಂದು ಗುಟ್ಟು ಹೇಳುತ್ತೇನೆ. ರಸ್ತೆಯ ಎಡಬದಿಯಲ್ಲಿ ಸೈಕಲ್ಲಿನ ಚಿತ್ರ ಬರೆದ ಪಟ್ಟಿ ಎಲ್ಲಾದರೂ ಇದೆಯೇ ನೋಡಿ. ಕಂಡಿತೇ? ನುಗ್ಗಿಸಿಬಿಡಿ. ಟೈರಿನಡಿ ಸಿಕ್ಕಿದ ಚಿತ್ರ ಕೂಗಿಕೊಳ್ಳುವುದಿಲ್ಲ, ಪೊಲೀಸರೂ ಕೂಗುವುದಿಲ್ಲ. ಜಯನಗರದವರು ಇದನ್ನು ದಶಕದ ಹಿಂದೆಯೇ ಕಂಡುಕೊಂಡರು. ಪಾಲಿಕೆ ಅಲ್ಲಿ ಸೈಕಲ್ ಪಥ ಮಾಡಿಸಿದ್ದೇ ತಡ, ಕಾರು, ಟೆಂಪೊ, ಎಳನೀರಿನ ಗಾಡಿ, ಯಾರದೋ ಮನೆ ಕಟ್ಟಲು ಬಂದ ಜಲ್ಲಿರಾಶಿ ಎಲ್ಲಕ್ಕೂ ಅಲ್ಲಿ ಆಶ್ರಯ ಸಿಕ್ಕಿತು. ಸರ್ಕಾರದ ಹಣ ಪೋಲಾಯಿತು ಎಂದು ಗೊಣಗುವವರು ಸುಮ್ಮನೆ ಗೊಣಗುತ್ತಾರೆ. ಸೈಕಲ್ಲೊಂದನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ಉಪಯೋಗವಾಗಿದೆಯಲ್ಲ!

ಸೈಕಲ್ಲಿಗೆ ದುಡ್ಡು ಕೇಳಿದಾಗ ಮೊದಲು ಬರುವ ಪ್ರಶ್ನೆ ನಿಮಗೂ ಗೊತ್ತು: 'ಈಗ ಸೈಕಲ್ ತುಳಿಯುವವರು ಯಾರಿದ್ದಾರೆ ಸ್ವಾಮಿ?' ಬೆಳಗಿನ ಆರಕ್ಕೆ ರಾತ್ರಿಪಾಳಿ ಮುಗಿಸಿದ ಸೆಕ್ಯೂರಿಟಿ ಗಾರ್ಡು ಹ್ಯಾಂಡಲ್ಲಿಗೆ ಖಾಲಿ ಟಿಫನ್ ಕ್ಯಾರಿಯರ್ ನೇತುಹಾಕಿಕೊಂಡು, ಕುರ್ಚಿಯಲ್ಲೇ ಕಳೆದ ರಾತ್ರಿಯ ನಿದ್ದೆಗಣ್ಣಿನಲ್ಲಿ, ಬಿಎಂಟಿಸಿ ಬಸ್ಸಿಗೂ ಚರಂಡಿಗೂ ನಡುವೆ ಉಳಿದ ಒಂದೂವರೆ ಅಡಿಯಲ್ಲಿ ತುಳಿದುಕೊಂಡು ಹೋಗುತ್ತಾನೆ. ಅವನು ಲೆಕ್ಕಕ್ಕಿಲ್ಲ. ಅವನದು ಬಡತನ, ಸೈಕ್ಲಿಂಗ್ ಅಲ್ಲ. ಸೈಕ್ಲಿಂಗ್ ಎಂದರೆ ಜೂನ್ 3ರ ವಿಶ್ವ ಸೈಕಲ್ ದಿನದಂದು ವಿಧಾನಸೌಧದ ಮುಂದೆ ನಡೆಯುವಂಥದ್ದು. ಬಿಳಿ ಟಿ-ಷರ್ಟು, ಹೊಸ ಹೆಲ್ಮೆಟ್ಟು, ಹಸಿರು ಬಾವುಟ. ಗಣ್ಯರು ನೂರು ಮೀಟರ್ ತುಳಿದು, ಕ್ಯಾಮೆರಾ ಆಫ್ ಆದ ಕೂಡಲೇ ಹಿಂದೆಯೇ ತೆವಳುತ್ತಾ ಬಂದ ಎಸ್‌ಯುವಿ ಹತ್ತುತ್ತಾರೆ.

ಇನ್ನು ಕೆಲವರ ವಾದ ಇದಕ್ಕಿಂತ ಗಟ್ಟಿ: ಸೈಕಲ್ಲಿನವರು ರಸ್ತೆ ತೆರಿಗೆ ಕಟ್ಟುವುದಿಲ್ಲ, ಅವರಿಗೇಕೆ ರಸ್ತೆ? ನಮ್ಮ ತಾತಂದಿರು ಕಟ್ಟುತ್ತಿದ್ದರು ಸ್ವಾಮಿ. ಪುರಸಭೆಗೆ ವರ್ಷವರ್ಷ ದುಡ್ಡು ತೆತ್ತು, ಲೋಹದ ಬಿಲ್ಲೆ ತಂದು ಸೈಕಲ್ಲಿಗೆ ಸಿಕ್ಕಿಸಿಕೊಳ್ಳದಿದ್ದರೆ ದಂಡ ಬೀಳುತ್ತಿತ್ತು. ದೀಪವಿಲ್ಲದಿದ್ದರೆ ದಂಡ, ಡಬಲ್ ರೈಡಿಂಗಿಗೆ ದಂಡ. ಆ ದುಡ್ಡಿನಲ್ಲಿ ಆದ ರಸ್ತೆಯ ಮೇಲೆ ಇವತ್ತು ಮೊಮ್ಮಗನ ಕಾರು ನಿಂತಿದೆ, ಅದೂ ಪುಕ್ಕಟೆ.

ಮೈಸೂರಿನ ಕಥೆ ಸ್ವಲ್ಪ ಘನವಾದದ್ದು. 2017ರಲ್ಲಿ ಅಲ್ಲಿ 450 ಸೈಕಲ್ಲುಗಳ 'ಟ್ರಿಣ್ ಟ್ರಿಣ್' ಶುರುವಾಯಿತು. ಬಾಡಿಗೆಗೆ ತಗೊಳ್ಳಿ, ಇನ್ನೊಂದು ನಿಲ್ದಾಣದಲ್ಲಿ ಬಿಡಿ. ಒಳ್ಳೆಯ ಯೋಜನೆಯೇ, ನಗುವ ಮಾತಲ್ಲ. ಆದರೆ ಅರಮನೆಯ ಊರಿನವರು ದೇವರಾಜ ಮಾರುಕಟ್ಟೆಗೆ ಸೈಕಲ್ಲಿನಲ್ಲಿ ಹೋಗಿಬರಲು ವಾಷಿಂಗ್ಟನ್ನಿನಲ್ಲಿ ಕೂತ ಜಾಗತಿಕ ಪರಿಸರ ನಿಧಿ ಹಣ ಬಿಚ್ಚಬೇಕಾಯಿತು. ಫ್ಲೈಓವರ್ ಕಟ್ಟುವಾಗ ನಾವು ಹೀಗೆ ಯಾರ ಮುಂದೂ ಕೈಚಾಚುವುದಿಲ್ಲ. ಚಾಚಿದರೂ ಸಾಲಕ್ಕೆ.

ಹಾಗೆಂದು ಸರ್ಕಾರ ಸೈಕಲ್ಲಿಗೆ ತನ್ನ ಖಜಾನೆ ತೆರೆದೇ ಇಲ್ಲ ಎಂದರೆ ನಾಲಿಗೆಗೆ ದೋಷ ಬರುತ್ತದೆ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದ್ದು ಇದೇ ಸರ್ಕಾರ. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ಗುಂಪಾಗಿ ಬೆಲ್ ಬಾರಿಸುತ್ತಾ ಹೋಗಿದ್ದು ಅದರಿಂದಲೇ. ಸೈಕಲ್ ಕೊಟ್ಟೆವು, ದಾರಿ ಅವರೇ ನೋಡಿಕೊಳ್ಳಲಿ ಎಂದು ಲಾರಿಗಳ ಪಕ್ಕದ ಮಣ್ಣಿನಂಚಿಗೆ ಬಿಟ್ಟೆವು. ಕೊರೊನಾ ಬಂತು, ಸೈಕಲ್ ಹಂಚಿಕೆಗೂ ಲಾಕ್‌ಡೌನ್ ಆಯಿತು. ಕೊರೊನಾ ಹೋಯಿತು, ಸೈಕಲ್ಲಿನ ಲಾಕ್ ಮಾತ್ರ ಹಾಗೇ ಉಳಿಯಿತು.

ಅದೇ ಕೊರೊನಾ ಕಾಲದಲ್ಲಿ ಬೆಂಗಳೂರಿಗೆ ಸೈಕಲ್ ಮೋಹ ಹಿಡಿಯಿತು. 2020ರಲ್ಲಿ ಹೊರವರ್ತುಲ ರಸ್ತೆಯ ಸಿಲ್ಕ್ ಬೋರ್ಡ್ ಕಡೆಯಿಂದ ಗೂಟ ನೆಟ್ಟು, ಗೆರೆ ಎಳೆದು ಸೈಕಲ್ ಪಥ ಮಾಡಿದರು. ಗೂಟಗಳು ಬೈಕು, ಕಾರುಗಳ ಡಿಕ್ಕಿಗೆ ಒಂದೊಂದಾಗಿ ಅಡ್ಡಬಿದ್ದವು. ಅಳಿದುಳಿದದ್ದನ್ನು ಮೆಟ್ರೋ ಕಾಮಗಾರಿ ನುಂಗಿಕೊಂಡಿತು. ಗೂಟ ನೆಡಲು ಟೆಂಡರ್ ಉಂಟು, ಕೀಳಲೂ ಟೆಂಡರ್ ಉಂಟು. ಬಿದ್ದದ್ದನ್ನು ಎತ್ತಿ ನಿಲ್ಲಿಸಲು ಟೆಂಡರ್ ಕರೆದದ್ದನ್ನು ಯಾರಾದರೂ ಕಂಡಿದ್ದರೆ ತಿಳಿಸಿ.

ಆದರೂ ನಾವು ಗೆದ್ದೆವು! ಕೇಂದ್ರದ ಸ್ಮಾರ್ಟ್ ಸಿಟಿಯವರು ನಡೆಸಿದ ಸೈಕಲ್ ಸ್ಪರ್ಧೆಯಲ್ಲಿ, 2021ರಲ್ಲಿ, ಗೆದ್ದ ಹನ್ನೊಂದು ನಗರಗಳ ಪೈಕಿ ಬೆಂಗಳೂರೂ ಒಂದು. ಬಹುಮಾನ ಒಂದು ಕೋಟಿ ರೂಪಾಯಿ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ಮೂಗು ಮುರಿಯಬೇಡಿ, ಕೋಟಿ ಕೋಟಿಯೇ. ಬೇಕಾದರೆ ಲೆಕ್ಕ ಹಾಕಿ ನೋಡೋಣ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿ ಕೊರೆಯಲು ಹೊರಟಿರುವ ಸುರಂಗ ರಸ್ತೆ ಸುಮಾರು 17 ಕಿಲೋಮೀಟರ್, ಅಂದಾಜು ವೆಚ್ಚ 17 ಸಾವಿರ ಕೋಟಿ ದಾಟಿದೆ. ಅಂದರೆ ಮೀಟರಿಗೆ ಕೋಟಿ ರೂಪಾಯಿಯ ಬಾಬತ್ತು. ಇಡೀ ಮಹಾನಗರದ ಸೈಕಲ್ ಸವಾರರಿಗೆ ಸಿಕ್ಕ ಬಹುಮಾನದಲ್ಲಿ ಸುರಂಗದ ಒಂದು ಮೀಟರ್ ಬರಬಹುದು. ಅಷ್ಟರಲ್ಲಿ ಒಂದೇ ಒಂದು ಸೈಕಲ್ ಉದ್ದಕ್ಕೆ ನಿಲ್ಲಿಸಿದರೂ ಹಿಂದಿನ ಚಕ್ರ ಹೊರಗೇ ಉಳಿಯುತ್ತದೆ.

ಉಳಿದರೇನು ಬಿಡಿ. ಸುರಂಗದೊಳಕ್ಕೆ ದ್ವಿಚಕ್ರಗಳಿಗೆ ಪ್ರವೇಶವೇ ಇಲ್ಲವಂತೆ.